ಲೋಪ, ಆಗಮ, ವರ್ಗಾವಣೆ

"ಇನ್ನೊಂದು ಬಂತು ಕೇಳಿ" ಅಂದ ಸೀನ, ಮೊಬೈಲ್ ನೋಡುತ್ತಾ. "ಭೂತಕಾಲ ಅಂದ್ರೆ ದೆವ್ವ ಓಡಾಡೋ ಹೊತ್ತು. ಸರ್ವನಾಮ ಅಂದ್ರೆ ಎಲ್ಲರಿಗೂ ಮೂರು ನಾಮ!"

"ಈ ಫಾರ್ವರ್ಡುಗಳ ಕಾಟ!" ಮೇಷ್ಟ್ರು ಸಿಡುಕಿದರು. "ತಮಾಷೆ ಎಲ್ಲಾ ಒಳಗಿದೆ, ನೀವು ಹೊಸಲಲ್ಲೇ ನಿಂತು ನಗ್ತೀರಿ. ಸಂಧಿ ನೆನಪಿದೆಯೇನಯ್ಯ?"

"ಲೋಪ, ಆಗಮ, ಆದೇಶ. ಥೇಟ್ ನಮ್ಮಾಫೀಸು! ಲೋಪ ನಮ್ಮದು, ಆಗಮ ಸಾಹೇಬರದು, ಆದೇಶ ಮೇಲಿನಿಂದ."

"ಆಗಮ ಮಿತ್ರನ ಹಾಗೆ, ಆದೇಶ ಶತ್ರುವಿನ ಹಾಗೆ ಅಂತ ಹಳೇ ವೈಯಾಕರಣರೇ ಹೇಳಿಟ್ಟಿದ್ದಾರೆ. 'ಮನೆ'ಗೆ 'ಅನ್ನು' ಸೇರುವಾಗ ಯಕಾರ ಬಂದು 'ಮನೆಯನ್ನು' ಆಗತ್ತೆ. ಯಾರನ್ನೂ ಏಳಿಸದೆ ನಡುವೆ ಒತ್ತರಿಸಿಕೊಂಡು ಕೂತಿತು. 'ಮಳೆ', 'ಕಾಲ' ಸೇರಿದಾಗ? ಕಕಾರದ ಕುರ್ಚಿಯಲ್ಲಿ ಗಕಾರ: ಮಳೆಗಾಲ. ಕ, ತ, ಪ ಕೂತಲ್ಲಿಗೆ ಗ, ದ, ಬ ವರ್ಗಾವಣೆ ಪತ್ರ ಹಿಡಿದೇ ಬರ್ತಾವೆ. ಬೆಟ್ಟದಾವರೆ, ಕಂಬನಿ."

"ಹಾಗಾದ್ರೆ ಲೋಪಾನೇ ವಾಸಿ" ಅಂದ ವೆಂಕಟ. "ಊರು, ಅಲ್ಲಿ, ಊರಲ್ಲಿ. ಒಂದು ಸ್ವರ ಹಾರಿಸಿದ್ರೆ ಕೆಲಸ ಮುಗೀತು."

"ಅರ್ಥ ಕೆಡಬಾರದು ಅಂತ ಷರತ್ತಿದೆ. 'ಮಗು'ವಿನ ಉಕಾರ ಹಾರಿಸಿ 'ಅನ್ನು' ಅಂಟಿಸು ನೋಡೋಣ."

"ಮಗನ್ನು…"

"ಸರಿ, ಕೂಸು ಗಂಡು ಅಂತ ನೀನೇ ತೀರ್ಮಾನ ಮಾಡಿಬಿಟ್ಟೆ! ಅದಕ್ಕೇ ಅಲ್ಲಿ ವಕಾರ ಆಗಮವಾಗಿ 'ಮಗುವನ್ನು' ಆಗೋದು."

"ರಿಟೈರ್ ಆಗೋದೂ ಲೋಪಾನೇ ಅಲ್ವಾ ಮೇಷ್ಟ್ರೇ?" ಸೀನ ಕೆಣಕಿದ.

"ಹೂಂ. ಆದ್ರೆ ಪಾಣಿನಿಯ ಲೆಕ್ಕದಲ್ಲಿ ಲೋಪ ಅಂದ್ರೆ ನಾಶ ಅಲ್ಲ, ಅದರ್ಶನ. ಕಾಣಿಸಲ್ಲ, ಅಷ್ಟೇ. ಪ್ರತ್ಯಯ ಲೋಪವಾದ್ರೂ ಅದರಿಂದಾಗೋ ಕಾರ್ಯ ಮಾತ್ರ ಆಗ್ತಾನೇ ಇರತ್ತೆ ಅಂತ ಇನ್ನೊಂದು ಸೂತ್ರ. ಬಿಲ್ಲು ಕಟ್ಟೋದು, ಮೊಮ್ಮಗನ ಹೋಂವರ್ಕು… ಮಾಡಿದವರು ಯಾರು ಅಂತ ರೂಪದಲ್ಲಿ ಕಾಣಬೇಕೂ ಅಂತೇನಿಲ್ಲ."

ವೆಂಕಟ ಮಾತು ತಿರುಗಿಸಿದ. "ಏನೇ ಅನ್ನಿ, ನಮ್ಮ ಪೈಕಿ ಉತ್ತಮ ಪುರುಷ ನೀವೇ."

"ತಪ್ಪು. 'ನಾನು' ಅಂತ ಬಾಯಿ ಬಿಟ್ಟವನೇ ಉತ್ತಮ ಪುರುಷ. ಈಗ ಮಾತಾಡಿದವನು ನೀನು, ಆದ್ರಿಂದ ನೀನು ಉತ್ತಮ. ಎದುರಿಗಿರೋ ನಾನು ಬರೀ ಮಧ್ಯಮ."

"ಇವತ್ತು ಬರದೇ ಇರೋ ರಾಮು?"

"ಅವನು. ಅಂದ್ರೆ ಪ್ರಥಮ ಪುರುಷ."

"ಗೈರುಹಾಜರಾದವನಿಗೆ ಫಸ್ಟ್ ಕ್ಲಾಸೇ!" ಸೀನ ಎದ್ದ. "ನಾಳೆಯಿಂದ ನಾನೂ ಬರಲ್ಲ."