ಸಹಾಯ ಬೇಕು: ಮನೆಯ ಈಜುಕೊಳಕ್ಕೆ ಡೈವಿಂಗ್ ಬೋರ್ಡ್ ಹಾಕಿಸಲು ಆಳ ಎಷ್ಟಿರಬೇಕು?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟದ ಮನೆಯಲ್ಲಿ ಈಜುಕೊಳ ಕಟ್ಟಿಸುತ್ತಿದ್ದೇವೆ. ಉದ್ದ 40 ಅಡಿ, ಅಗಲ 18 ಅಡಿ. ಮಕ್ಕಳಿಗೆ ಡೈವಿಂಗ್ ಬೋರ್ಡ್ ಬೇಕೇ ಬೇಕಂತೆ. "ಆರು ಅಡಿ ಆಳ ಸಾಕು ಸಾರ್" ಅನ್ನುತ್ತಾರೆ ಗುತ್ತಿಗೆದಾರರು. ನನಗಂತೂ ಧೈರ್ಯ ಬರುತ್ತಿಲ್ಲ.

ಸ್ಪರ್ಧೆಯ ಅಳತೆ ನೋಡಿದೆ. 1 ಮೀಟರ್ ಎತ್ತರದ ಸ್ಪ್ರಿಂಗ್‌ಬೋರ್ಡ್ ತುದಿಯ ಕೆಳಗೆ ಕನಿಷ್ಠ 3.4 ಮೀಟರ್ ನೀರಿರಬೇಕು. ಅಂದರೆ 11 ಅಡಿಗೂ ಜಾಸ್ತಿ! ತುದಿಯಿಂದ ಎದುರಿನ ಗೋಡೆ 9 ಮೀಟರ್, ಪಕ್ಕದ ಗೋಡೆ 2.5 ಮೀಟರ್ ದೂರ ಇರಬೇಕು. ತುದಿಯ ಕೆಳಗೆ ಮಾತ್ರ ಆಳ ಇದ್ದರೂ ಸಾಲದು, ಅಲ್ವಾ? ಜಿಗಿದವರು ನೀರೊಳಗೂ ಮುಂದಕ್ಕೆ ಹೋಗುತ್ತಾರೆ. ಅಲ್ಲಿ ತಳ ಇಳಿಜಾರಾಗಿ ಮೇಲೇರಿದ್ದರೆ ತಲೆ ನೇರ ಅದಕ್ಕೇ ಬಡಿಯುತ್ತದೆ. ಕತ್ತಿನ ಮೂಳೆ ಮುರಿದರೆ ಕೈಕಾಲಿನ ಸ್ವಾಧೀನವೇ ಹೋಗಬಹುದು. ನನ್ನ ಭಯ ಇದೇ.

ನಮಗೆ ಬೇಕಿರುವುದು ನೀರಿನಿಂದ ಒಂದೂವರೆ ಅಡಿ ಎತ್ತರದ, ಹೆಚ್ಚು ಚಿಮ್ಮದ ಗಿಡ್ಡ ಬೋರ್ಡ್. ಅದಕ್ಕೆ ಆಳ ಎಷ್ಟು ಕೊಡಬೇಕು? ಆ ಆಳ ಮುಂದಕ್ಕೆ ಎಷ್ಟು ಅಡಿಯವರೆಗೆ ಹಾಗೇ ಇರಬೇಕು? ಫೈಬರ್‌ಗ್ಲಾಸ್, ಅಲ್ಯೂಮಿನಿಯಂ ಎರಡರಲ್ಲಿ ನಮ್ಮ ಮಲೆನಾಡಿನ ಮಳೆಗೆ ಯಾವುದು ಬಾಳಿಕೆ ಬರುತ್ತದೆ? ಕಾಲು ಜಾರದಂಥ ಮೇಲ್ಮೈ ಯಾವುದರಲ್ಲಿ ಚೆನ್ನಾಗಿರುತ್ತದೆ?

ಮನೆಯಲ್ಲಿ ಹಾಕಿಸಿದವರು, ಈಜು ಕಲಿಸುವವರು ದಯವಿಟ್ಟು ಹೇಳಿ. ಬೋರ್ಡೇ ಬೇಡ ಅನ್ನುವವರೂ ಕಾರಣ ಕೊಟ್ಟು ಬರೆಯಿರಿ, ಮಕ್ಕಳಿಗೆ ನಾನು ತಿಳಿಸಿ ಹೇಳುತ್ತೇನೆ. ಸೋಮವಾರ ಜೆಸಿಬಿ ಬರುತ್ತದೆ, ಅಷ್ಟರೊಳಗೆ ಆಳ ತೀರ್ಮಾನಿಸಬೇಕು.