ಕೇಳದೇ ಸೇರಿಸಿದ ಇನ್ಶೂರೆನ್ಸ್: ತಪ್ಪು ಯಾರದು?

ಪ್ರಶ್ನೆ: ವಕೀಲರೇ, ಆ್ಯಪ್ ಒಂದರಲ್ಲಿ ಊರಿಗೆ ಬಸ್ ಟಿಕೆಟ್ ತಗೊಂಡೆ. ‘ಎರಡೇ ಸೀಟು ಉಳಿದಿವೆ’ ಅಂತ ಕೆಂಪಕ್ಷರ ಮಿನುಗುತ್ತಿತ್ತು, ಬೇಗ ದುಡ್ಡು ಕಟ್ಟಿದೆ. ಆಮೇಲೆ ನೋಡಿದರೆ ಇನ್ಶೂರೆನ್ಸ್ ಅಂತ 199 ರೂಪಾಯಿ ಜಾಸ್ತಿ. ಟಿಕ್ ಅವರೇ ಹಾಕಿಟ್ಟಿದ್ದರಂತೆ. ನಮ್ಮ ಯಜಮಾನರು ‘ನೋಡ್ಕೋಬೇಕಿತ್ತು’ ಅಂತಾರೆ. ಕಾನೂನೂ ಹಾಗೇ ಅನ್ನುತ್ತಾ?

ಉತ್ತರ: ಇಲ್ಲ ಮೇಡಂ. ಮೊದಲೇ ಹಾಕಿಟ್ಟ ಟಿಕ್ಕನ್ನು ಹೆಚ್ಚಿನವರು ತೆಗೆಯುವುದಿಲ್ಲ, ಅವಸರದಲ್ಲಂತೂ ನೋಡುವುದೇ ಇಲ್ಲ. ಅದು ಗೊತ್ತಿದ್ದೇ ಪರದೆಯನ್ನು ಹಾಗೆ ಮಾಡಿರುತ್ತಾರೆ. ಅಂಥ ಟಿಕ್ ಒಪ್ಪಿಗೆಯೇ ಅಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರ ದಾರಿ ತಪ್ಪಿಸುವ ಪರದೆ ವಿನ್ಯಾಸ) ಕುರಿತ ಮಾರ್ಗಸೂಚಿ ತಂದು 13 ಬಗೆಯ ಇಂಥ ತಂತ್ರಗಳನ್ನು ಹೆಸರಿಸಿತು. ನಿಮ್ಮದು ‘ಬಾಸ್ಕೆಟ್ ಸ್ನೀಕಿಂಗ್’, ಅಂದರೆ ಕೇಳದೇ ಬಿಲ್ಲಿಗೆ ಸೇರಿಸುವುದು. ನೀವು ಮೋಸಹೋದಿರಾ, ಎಷ್ಟು ಓದಿದ್ದೀರಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಪರದೆ ಹೇಗಿತ್ತು ಅನ್ನುವುದಷ್ಟೇ ಮುಖ್ಯ. ಇನ್ಶೂರೆನ್ಸ್ ಬೇಡ ಅಂದವರ ಬಾಯಲ್ಲಿ ‘ನಾನು ರಕ್ಷಣೆ ಇಲ್ಲದೇ ಇರುತ್ತೇನೆ’ ಅಂತ ಹೇಳಿಸುವ ಬಟನ್ನನ್ನೂ ಆ ಮಾರ್ಗಸೂಚಿ ಬಿಟ್ಟಿಲ್ಲ. ನಾಚಿಕೆಪಡಿಸಿ ಮಾರುವುದಕ್ಕೆ ಅದೇ ಕೊಡುವ ಉದಾಹರಣೆ ಅದು!

ಸೀಟಿನ ವಿಷಯ ಬೇರೆ. ನಿಜವಾಗಿ ಎರಡೇ ಉಳಿದಿದ್ದರೆ ಹಾಗೆ ಹೇಳುವುದು ತಪ್ಪಲ್ಲ. ಸುಳ್ಳು ಅವಸರ ಹುಟ್ಟಿಸಿದರೆ ಮಾತ್ರ ತಪ್ಪು.

ಇನ್ನೊಬ್ಬರು: ಸಾರ್, ಡೆಲಿವರಿ ಚಾರ್ಜೂ ಇಂಥ ತಂತ್ರಗಳಲ್ಲಿ ಸೇರುತ್ತಾ?

ಉತ್ತರ: ಮೊದಲೇ ತೋರಿಸಿದ ಡೆಲಿವರಿ ಚಾರ್ಜು, ತೆರಿಗೆ ಸೇರಲ್ಲ. ಆದರೆ ಮೊದಲು ಒಂದು ಬೆಲೆ ತೋರಿಸಿ, ಕೊನೇ ಪುಟದಲ್ಲಿ ಉಳಿದ ಚಾರ್ಜುಗಳನ್ನು ಒಂದೊಂದಾಗಿ ಹೊರಗೆ ತೆಗೆದರೆ ಅದು ‘ಡ್ರಿಪ್ ಪ್ರೈಸಿಂಗ್’, 13ರಲ್ಲಿ ಅದೂ ಒಂದು.

ಮೊದಲಿನವರು: 199 ರೂಪಾಯಿಗೆ ಕೋರ್ಟಿಗೆ ಹೋಗಲೇ?

ಉತ್ತರ: ನಾನಾದರೆ ಹೋಗಲ್ಲ. ಮೊದಲು ಕಂಪನಿಗೆ ಬರೆದು ಹಣ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹಾಕಿ. ಆ ಸಹಾಯವಾಣಿ ಆದೇಶ ಹೊರಡಿಸಲ್ಲ, ಕಂಪನಿಯಿಂದ ಉತ್ತರ ಕೇಳುತ್ತದೆ. ಸಣ್ಣ ಮೊತ್ತ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಪಟ್ಟು ಹಿಡಿಯುವುದಾದರೆ ನಿಮ್ಮೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕಂಪನಿ ಎಲ್ಲಿದ್ದರೂ ಸರಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಸಾಕ್ಷಿ ಮಾತ್ರ ಈಗಲೇ ಮಾಡಿಟ್ಟುಕೊಳ್ಳಿ. ಹಳೇ ಪರದೆ ಮತ್ತೆ ಸಿಗಲ್ಲ. ಅದೇ ಆ್ಯಪಿನಲ್ಲಿ ಇನ್ನೊಂದು ಟಿಕೆಟ್ ಆರಿಸಿ, ಹಣ ಕಟ್ಟುವ ಪುಟದವರೆಗೆ ಹೋಗಿ ಸ್ಕ್ರೀನ್ ರೆಕಾರ್ಡ್ ಮಾಡಿ. ಟಿಕ್ ಮುಟ್ಟಬೇಡಿ, ಹಣವನ್ನೂ ಕಟ್ಟಬೇಡಿ.