ಪೆಲ್ಟಿಯರ್ ಪೆಟ್ಟಿಗೆಯಲ್ಲಿ ಬಿಯರು: ಕೂಲಿಂಗ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಗಿರೀಶ್: ಮೇಡಂ, 5 ಲೀಟರ್ ಏಲ್ ಬಿಯರು ಹುದುಗಲು ಇಟ್ಟಿದ್ದೇನೆ. ಥರ್ಮೊಕೋಲ್ ಪೆಟ್ಟಿಗೆ, 12706 ಮಾದರಿಯ ಪೆಲ್ಟಿಯರ್ ಮಾಡ್ಯೂಲ್ (ಕರೆಂಟು ಕೊಟ್ಟರೆ ಒಂದು ಮುಖ ತಂಪು, ಇನ್ನೊಂದು ಬಿಸಿ ಆಗೋ ಬಿಲ್ಲೆ) ಒಂದು, 12 ವೋಲ್ಟ್. ಕೋಣೆ 31 ಡಿಗ್ರಿ. ಆನ್ ಮಾಡಿದ ಹತ್ತು ನಿಮಿಷ ಒಳಗಿನ ಗಾಳಿ 27ಕ್ಕೆ ಇಳಿಯುತ್ತೆ, ಆಮೇಲೆ ಮೆಲ್ಲಗೆ ಏರಿ 32! ಮಾಡ್ಯೂಲ್ ಕೆಟ್ಟಿದೆಯಾ?

ಎಂಜಿನಿಯರ್: ಹೊರಗಿನ ಹೀಟ್‌ಸಿಂಕ್, ಅಂದ್ರೆ ಬಿಸಿ ಹೊರಹಾಕೋ ಲೋಹದ ತುಂಡಿನ ಮೇಲೆ ಬೆರಳು ಎಷ್ಟು ಹೊತ್ತು ಇಡೋಕಾಗುತ್ತೆ?

ಗಿರೀಶ್: ಒಂದು ಸೆಕೆಂಡ್. ಚುರ್ ಅಂತು.

ಎಂಜಿನಿಯರ್: ಹಾಗಾದ್ರೆ ಮಾಡ್ಯೂಲ್ ಸರಿ ಇದೆ, ಸಿಂಕ್ ಸೋತಿದೆ. ಲೆಕ್ಕ ನೋಡಿ. 5 ಲೀಟರಿನ ಯೀಸ್ಟ್ ಜೋರಾಗಿ ಕೆಲಸ ಮಾಡುವಾಗಲೂ ಎರಡು ಮೂರು ವ್ಯಾಟ್ ಬಿಸಿ ಕೊಡುತ್ತೆ ಅಷ್ಟೇ. ಪೆಟ್ಟಿಗೆ ಗೋಡೆಯಿಂದ ಸೋರಿ ಬರೋದು ಇನ್ನೊಂದು ಏಳೆಂಟು. ಒಟ್ಟು ಹತ್ತು ವ್ಯಾಟ್ ಎಳೆದು ಹಾಕೋಕೆ ನೀವು ಐವತ್ತು ವ್ಯಾಟ್ ಕರೆಂಟು ಸುಡುತ್ತಿದ್ದೀರಿ, ಆ ಐವತ್ತೂ ಹೊರಗಿನ ಸಿಂಕಿಗೇ ಹೋಗಬೇಕು. ಅದು ಕೈಬಿಟ್ಟ ಕ್ಷಣ ಬಿಸಿ ಮಾಡ್ಯೂಲ್ ಮೂಲಕವೇ ವಾಪಸ್ ಒಳಗೆ. ಅದೇ ನಿಮ್ಮ 32. ಕರೆಂಟು ದುಪ್ಪಟ್ಟು ಮಾಡಿದರೆ ಎಳೆಯುವ ಶಕ್ತಿ ದುಪ್ಪಟ್ಟು, ಒಳಗಿನ ರೆಸಿಸ್ಟೆನ್ಸಿನ ಬಿಸಿ ಮಾತ್ರ ನಾಲ್ಕು ಪಟ್ಟು. ಮೊದಲು ದೊಡ್ಡ ಸಿಂಕ್, ಒಳ್ಳೆ ಫ್ಯಾನ್. ಆಮೇಲೆ 8 ವೋಲ್ಟಿನಲ್ಲೂ ಒಮ್ಮೆ ನೋಡಿ. ಸೆನ್ಸರ್ ಎಲ್ಲಿದೆ?

ಗಿರೀಶ್: ಪೆಟ್ಟಿಗೆಯ ಗಾಳಿಯಲ್ಲಿ ನೇತಾಡ್ತಿದೆ.

ಎಂಜಿನಿಯರ್: ಬೇಡ. ಜಾಡಿಯ ಹೊಟ್ಟೆಗೆ ಟೇಪ್ ಹಾಕಿ, ಮೇಲೆ ಫೋಮ್ ತುಂಡು ಮುಚ್ಚಿ. ಬೇಕಾಗಿರೋದು ಬಿಯರಿನ ತಾಪ. ಹುದುಗು ಜೋರಾದಾಗ ಬಿಯರು ಗಾಳಿಗಿಂತ ಎರಡು ಮೂರು ಡಿಗ್ರಿ ಬಿಸಿ ಇರುತ್ತೆ. ಹೊರ ಫ್ಯಾನನ್ನ ಥರ್ಮೋಸ್ಟಾಟಿಗೆ ಕಟ್ಟಬೇಡಿ, ಸದಾ ತಿರುಗಲಿ.

ಪ್ರಮೀಳಾ: ಯಾವ ಮಾಡ್ಯೂಲ್ ತಗೊಳ್ಳಲಿ ಮೇಡಂ?

ಎಂಜಿನಿಯರ್: 12706. ಸಿಂಕ್ ಅದಕ್ಕಿಂತ ಮುಖ್ಯ.

ಸತೀಶ್: ಫಾರ್ವರ್ಡ್ ಬಂದಿದೆ: "ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿ. ತಂಪು ಸೋರದಂತೆ ಜಾಡಿಯ ಮುಚ್ಚಳ ಬಿಗಿಯಾಗಿ ಸೀಲ್ ಮಾಡಿ."

ಎಂಜಿನಿಯರ್: ಥರ್ಮಲ್ ಪೇಸ್ಟ್ ಅಂದ್ರೆ ಮಾಡ್ಯೂಲಿನ ಬಿಸಿಯನ್ನ ಸಿಂಕಿಗೆ ದಾಟಿಸೋ ಲೇಪ. ಟೂತ್‌ಪೇಸ್ಟ್ ಕೆಲವೇ ದಿನದಲ್ಲಿ ಒಣಗಿ ಸುಣ್ಣದ ಹೆಂಟೆ ಆಗುತ್ತೆ. ಅದು ಹಾಳಾಗಿ ಹೋಗಲಿ. ಎರಡನೇದು ಅಪಾಯ! ಹುದುಗುವ ಜಾಡಿಯಲ್ಲಿ ಇಂಗಾಲದ ಡೈಆಕ್ಸೈಡ್ ನಿಲ್ಲದೆ ಬರುತ್ತೆ. ಸೀಲ್ ಮಾಡಿದ ಗಾಜಿನ ಜಾಡಿ ಸಿಡಿಯುತ್ತೆ. ಏರ್‌ಲಾಕ್, ಅಂದ್ರೆ ಅನಿಲ ಹೊರಗೆ ಬಿಟ್ಟು ಹೊರಗಿನ ಗಾಳಿ ತಡೆಯೋ ನೀರು ತುಂಬಿದ ಕೊಳವೆ, ಇರಲೇಬೇಕು. ಇದನ್ನ ಬರೆದವರು ಜೀವಮಾನದಲ್ಲಿ ಒಂದು ಜಾಡಿಯನ್ನೂ ಹುದುಗಿಸಿಲ್ಲ.

ಸತೀಶ್: ನಾನು ಕಳಿಸಿದ್ದಷ್ಟೇ, ಬರೆದಿಲ್ಲ.

ಎಂಜಿನಿಯರ್: ಕಳಿಸೋ ಮುಂಚೆ ಓದಿ.

ನಾಗರಾಜ್: ಇಷ್ಟೆಲ್ಲ ಯಾಕೆ? ಹಳೇ ಫ್ರಿಜ್ಜಿಗೆ ಒಂದು ಕಂಟ್ರೋಲರ್ ಹಾಕಿದರೆ ಮುಗೀತು. ಅದೇ ಕರೆಂಟಿಗೆ ಕಂಪ್ರೆಸರ್ ಹಲವು ಪಟ್ಟು ಬಿಸಿ ಎಳೆಯುತ್ತೆ.

ಗಿರೀಶ್: ಒಂದು ಜಾಡಿಗೆ ಇಡೀ ಫ್ರಿಜ್ಜು? ಇಡೋ ಜಾಗ ನೀವು ಕೊಡ್ತೀರಾ?

ನಾಗರಾಜ್: ಜಾಗ ಇಲ್ಲದವರು ಬಿಯರು ಯಾಕೆ ಮಾಡಬೇಕು?

ಪ್ರಮೀಳಾ: ಇದೇನು ಮಾತು ನಾಗರಾಜ್ ಅವರೇ? ಪೆಲ್ಟಿಯರಿನಲ್ಲಿ ಧ್ರುವ ತಿರುಗಿಸಿದರೆ ಚಳಿಗಾಲಕ್ಕೆ ಹೀಟರೂ ಆಗುತ್ತೆ, ನಿಮ್ಮ ಫ್ರಿಜ್ಜಿನಲ್ಲಿ ಆಗುತ್ತಾ?

ನಾಗರಾಜ್: ಒಂದು ಬಲ್ಬ್ ಇಟ್ಟರೆ ಆಗುತ್ತೆ. ಇದೆಲ್ಲ ಆಟಿಕೆ.

ಲತಾ: ಮೇಡಂ, ಸೇಬಿನ ಸೈಡರಿಗೂ ಇದೇ ಪೆಟ್ಟಿಗೆ ಸಾಕಾ?

ಎಂಜಿನಿಯರ್: ಕಿತ್ತಾಡೋರು ಪಕ್ಕಕ್ಕೆ ಹೋಗಿ ಕಿತ್ತಾಡಿ. ನಾಗರಾಜ್ ಅವರೇ, ಲಾಗರಿಗೆ, ಅಂದ್ರೆ ಏಲಿಗಿಂತ ತಣ್ಣಗೆ ಹುದುಗೋ ಬಿಯರಿಗೆ, ನಿಮ್ಮ ಮಾತು ಸರಿ. ಕೋಣೆ 31 ಇದ್ದಾಗ 10 ಡಿಗ್ರಿ ಹಿಡಿಯೋದು ಈ ಪುಟ್ಟ ಮಾಡ್ಯೂಲಿಗೆ ಆಗದ ಕೆಲಸ. ಏಲಿಗೆ 20 ಸಾಕು, ಅಲ್ಲಿಗೆ ಆಟಿಕೆಯೂ ನಡೆಯುತ್ತೆ.

ಸತೀಶ್: ಯಾವ ಮಾಡ್ಯೂಲ್ ಅಂದ್ರಿ?

ಎಂಜಿನಿಯರ್: ಮೇಲೆ ಇದೆ.

ಗಿರೀಶ್ (ಮಾರನೇ ದಿನ): ದೊಡ್ಡ ಸಿಂಕ್ ಹಾಕಿದೆ. ಈಗ ಬೆರಳು ಆರಾಮಾಗಿ ನಿಲ್ಲುತ್ತೆ. ಜಾಡಿ 20.5. ಆದರೆ ಏರ್‌ಲಾಕ್ ನೀರು ಒಳಗೆ ಎಳೆದುಕೊಂಡಿದೆ.

ಎಂಜಿನಿಯರ್: ಜಾಡಿ ತಣ್ಣಗಾಗುವಾಗ ಒಳಗಿನ ಅನಿಲ ಕುಗ್ಗಿ ಎಳೆಯುತ್ತೆ. ಮುಂದಿನ ಸಲ ಒಂದೇಟಿಗೆ ಇಳಿಸಬೇಡಿ, ಗಂಟೆಗೆ ಒಂದು ಡಿಗ್ರಿ ಸಾಕು. ಶುದ್ಧ ನೀರು ಹಾಕಿದ್ದರೆ ಬಿಯರಿಗೆ ಏನೂ ಆಗಲ್ಲ. ಏನು ಹಾಕಿದ್ದಿರಿ?

ಗಿರೀಶ್: ನಲ್ಲಿ ನೀರು.

ಎಂಜಿನಿಯರ್: ಹ್ಮ್. ಕುದಿಸಿ ಆರಿಸಿದ ನೀರು ತುಂಬಿ. ಈ ಬ್ಯಾಚಿನ ರುಚಿ ನೋಡಿ ಹೇಳಿ.